ಬೇಲಿಯ ಲಕ್ಕಿಸೊಪ್ಪು

ತಾನು ಬಸುರಿ ಎನ್ನುವುದನ್ನು ಪುಟ್ಟ ಮಗಳು ನಿಸರ್ಗಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಅಂಗಳ ಗುಡಿಸುತ್ತಿದ್ದ ಚೈತ್ರಾಳ ಪೊರಕೆ, ಬೇಲಿಯಾಚೆಯ ಮಾತು ಕೇಳಿ ನಿಂತಿತು. ಪಕ್ಕದ ತೆಂಗಿನತೋಟದ ಮೀನಾಕ್ಷಮ್ಮ ಲಕ್ಕಿಗಿಡದ ಬೇಲಿ ಕಡಿಸಿ ತಂತಿ ಹಾಕಿಸುವವರಿದ್ದರು. ಟೈಲರ್ ಮನೆಯ ಹಸೀನಾ ಬೇಗಂ ಚೀಲ ಹಿಡಿದು ಓಡಿ ಬಂದಿದ್ದರು.

“ಸ್ವಲ್ಪ ತಡೀರಿ ಮೀನಾಕ್ಷಮ್ಮಾ. ನಮ್ಮ ಮಗಳು ಆಯೇಷಾಗೆ ಹೆರಿಗೆ ಆಯ್ತು. ಲಕ್ಕಿಸೊಪ್ಪು ಕುದಿಸಿದ ನೀರು ಹುಯ್ಯದಿದ್ರೆ ಬಾಣಂತಿ ಮೈಕೈ ನೋವು ಹೋಗಲ್ಲ.”

“ಏನು ಮಗು?”

“ಹೆಣ್ಣು ಕಣ್ರೀ. ಅಜ್ಜಿ ಥರಾನೇ ಗಂಟಲು.”

“ಸದ್ಯ, ಇನ್ಮೇಲೆ ನೀವು ಸುಮ್ನಿರ್ತೀರಿ ಬುಡಿ! ಬಲಿತ ಸೊಪ್ಪು ಮುರ್ಕೊಳ್ಳಿ.”

“ಬೇಲಿ ಕಡಿಸಿದ ಮೇಲೆ ಎಲ್ಲಿಗೆ ಹೋಗ್ಲಿ?”

“ಈ ಮೂಲೆ ಗಿಡ ಉಳಿಸ್ತೀನಿ. ನಿಮಗೊಬ್ರಿಗೇ ಅಲ್ಲ,” ಮೀನಾಕ್ಷಮ್ಮ ದನಿ ತಗ್ಗಿಸಿದರು, ತಗ್ಗಿಸಿದ್ದೂ ಬೀದಿಗೆ ಕೇಳುವಂತಿತ್ತು. “ಯುಗಾದಿ ಹೊತ್ಗೆ ನಮ್ಮ ಚೈತ್ರಂಗೂ ಬೇಕಲ್ಲ.”

“ಮಾಶಾ ಅಲ್ಲಾ! ಮಗೀಗೆ ಹೇಳವ್ಳಾ?”

“ಇನ್ನೂ ಇಲ್ಲ. ನೀವು ಬಾಯಿ ಬುಡಬ್ಯಾಡಿ.”

ಚೀಲ ತುಂಬಿಸಿಕೊಂಡು ಇಬ್ಬರೂ ನಗುತ್ತಾ ತೋಟದ ಕಡೆ ನಡೆದರು.

ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ನಿಸರ್ಗ ಬಾಯಿ ಮುಕ್ಕಳಿಸಿ, ಬೇಲಿಯಿಂದ ಒಂದು ಕುಡಿ ಮುರಿದು ತಂದಳು.

“ಅಮ್ಮಾ, ಈ ಸೊಪ್ಪಿನ ನೀರು ಹುಯ್ಕೊಂಡ್ರೆ ನಮ್ಮನೆಗೂ ಪಾಪು ಬರುತ್ತಾ?”