ಪೂವಪ್ಪಣ್ಣನ ಮೇನ್ ಸ್ವಿಚ್

ಹಂಪನಕಟ್ಟೆಯಿಂದ ಕಾವೂರಿಗೆ ಹೊರಟ ಸಂಜೆಯ ಬಸ್ಸು. ನನ್ನ ಎದುರಿನ ಸೀಟಿನಲ್ಲಿ ಒಂದೇ ಶಾಲೆಯ ಇಬ್ಬರು ಮೇಷ್ಟ್ರು-ಟೀಚರ್, ದಣಿದ ದನಿಯಲ್ಲಿ ಮಾತಾಡುತ್ತಿದ್ದರು.

"ಶಾಲೆಯ ಕಂಪ್ಯೂಟರ್ ಓಪನ್ ಆಯ್ತಾ ದೀಕ್ಷಿತ್ ಸರ್? ನಾಳೆ ಮಾರ್ಕ್ಸ್ ಕಳಿಸ್ಲಿಕ್ಕುಂಟು."

"ಪೆನ್‌ಡ್ರೈವ್ ಹಾಕಿ ಆನ್ ಮಾಡಿದೆ ಲಿಲ್ಲಿ ಟೀಚರ್. ಮಾರ್ಕ್ಸ್ ಎಲ್ಲ ಉಂಟು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಮಾತ್ರ ಹಾಳಾಗಿದೆ."

"ಎಂತ ಆದದ್ದು ಅದಕ್ಕೆ?"

"ಅಪ್‌ಡೇಟ್ ಆಗ್ತಾ ಇರುವಾಗ ಪ್ಯೂನ್ ಪೂವಪ್ಪಣ್ಣ ಮೇನ್ ಸ್ವಿಚ್ ಆಫ್ ಮಾಡಿದ್ದು. ಬೀಗ ಹಾಕುವ ಮೊದಲು ಆಫ್ ಮಾಡದಿದ್ರೆ ಅವರಿಗೆ ಸಮಾಧಾನ ಇಲ್ಲ."

"ಇನ್ನು ಸರಿಯಾಗ್ತದಾ?"

"ಶಾಲೆಯಲ್ಲೇ ಕಂಪ್ಯೂಟರ್ ಆನ್ ಇಟ್ಟು, ರಿಪೇರಿ ಶುರು ಮಾಡಿ ಬಂದಿದ್ದೇನೆ. ಒಂದು ಗಂಟೆಯಲ್ಲಿ ಅದರಷ್ಟಕ್ಕೇ ಆಗ್ತದೆ."

"ಇವತ್ತು ಬೀಗ ಹಾಕುವುದು ಯಾರು?"

ಸರ್ ತಟ್ಟನೆ ಗಡಿಯಾರ ನೋಡಿದರು.

"ಫೋನ್ ಮಾಡಿ ಮಾರಾಯ್ರೆ."

"ಪೂವಪ್ಪಣ್ಣನಿಗೆ ಫೋನ್ ಇಲ್ಲ ಟೀಚರ್."

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ರಸ್ತೆ ದಾಟಿ, ಬಂದ ದಿಕ್ಕಿಗೇ ಹೋಗುವ ಬಸ್ಸಿಗೆ ಕೈ ತೋರಿಸಿದರು.