ಯಾರೂ ಕಿರುಚಲಿಲ್ಲ

ಹಿಂದಿನ ದಿನ ಕಾರ್ಖಾನೆಯ ಚಾವಣಿ ಕುಸಿದು, ಗಾಯಾಳುಗಳನ್ನೆಲ್ಲ ಊರಿನ ಆಸ್ಪತ್ರೆಗೆ ತಂದಿದ್ದರು. ಆಸ್ಪತ್ರೆಯ ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದ, ಅಲ್ಲಿನ ಬಟ್ಟೆಬರೆ ಹೊಲಿಯುವ ದರ್ಜಿ ಹೆಂಗಸಿಗೆ ಮುಂದಿದ್ದ ಇಬ್ಬರು ನರ್ಸುಗಳ ಮಾತು ಕಿವಿಗೆ ಬಿತ್ತು.

“ಅಪಘಾತದ ಅಣಕು ಅಭ್ಯಾಸದಲ್ಲಿ ಗಾಯಾಳುಗಳಾಗಿ ನಟಿಸಿದೋರೆಲ್ಲ ಕಿರುಚಾಡಿದ್ರಲ್ಲ, ಅಕ್ಕಾ,” ಎಂದಳು ಚಿಕ್ಕವಳು. “ನಿನ್ನೆ ಯಾರೂ ತುಟಿ ಪಿಟಕ್ ಅನ್ನಲಿಲ್ಲ.”

“ಹೂಂ.”

“ಒಬ್ಬರು ಗೋಡೆಗೆ ಒರಗಿ ಕೂತಿದ್ರು. ‘ನನಗೇನಿಲ್ಲಮ್ಮ, ಅವರನ್ನ ನೋಡು’ ಅಂದ್ರು. ನಾನು ಹೋಗ್ಬಿಟ್ಟೆ.”

“ಆಮೇಲೆ?”

“ವಾಪಸ್ ಬಂದಾಗ ಹಾಗೇ ಕೂತಿದ್ರು. ಮುಟ್ಟಿದ್ರೆ ಮೈ ತಣ್ಣಗಿತ್ತು. ಒಳಗೊಳಗೇ ರಕ್ತ ಹೋಗಿತ್ತಂತೆ.”

ಹಿರಿಯಳು ಸಾಲಿನಿಂದ ಪಕ್ಕಕ್ಕೆ ಸರಿದಳು.

“ಅಭ್ಯಾಸದ ದಿನ ಜೋರಾಗಿ ಕಿರುಚಿ ಅಂತ ಹೇಳಿಕೊಟ್ಟಿದ್ದು ನಾನೇ ಕಣೆ.”

ಇಬ್ಬರೂ ಏನೂ ತಗೊಳ್ಳದೆ ವಾರ್ಡಿನ ಕಡೆ ಹೊರಟುಹೋದರು. ಏನು ಬೇಕೆಂದು ಕ್ಯಾಂಟೀನಿನವನು ಎರಡು ಸಲ ಕೇಳಿದರೂ ದರ್ಜಿ ಹೆಂಗಸು ಅವರು ಹೋದ ದಾರಿಯನ್ನೇ ನೋಡುತ್ತಿದ್ದಳು.