ಟೋಪಿ ತೆಗೆದರೆ ನ್ಯಾಯಾಧೀಶ

ಸಭೆಯ ಅಧ್ಯಕ್ಷರೂ ನಮ್ಮೂರ ಅಗ್ನಿಶಾಮಕ ದಳದ ಮುಖ್ಯಸ್ಥರೂ ಆದ ಶ್ರೀ ರಸ್ಸಲ್ ಅವರೇ, ಇಪ್ಪತ್ತನಾಲ್ಕು ವರ್ಷ ಈ ಪ್ಲಮ್ ಹಾಲೋದ ಮೇಯರ್ ಆಗಿದ್ದು, ಕಳೆದ ನವೆಂಬರಿನಲ್ಲಿ ನನ್ನೆದುರು ಸೋತು, ಆದರೂ ಸನ್ಮಾನಕ್ಕೆ ಹೊಸ ಕೋಟು ಹಾಕಿಕೊಂಡು ಬಂದಿರುವ ಶ್ರೀ ವೆಂಡೆಲ್ ಕ್ರೌಸ್ ಅವರೇ, ಪುರಸಭೆಯ ಆರು ಮಂದಿ ಸದಸ್ಯರೇ, ಚರ್ಚಿನ ಹೆಂಗಸರು ಮಾಡಿದ ಕೋಳಿ ನೂಡಲ್ಸಿನ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕುರ್ಚಿ ಬಿಟ್ಟು ಏಳದ ಸಭಿಕರೇ,

ಅಗ್ನಿಶಾಮಕ ವಾಹನವನ್ನು ಹಿಮದಲ್ಲಿ ನಿಲ್ಲಿಸಿ ನಮ್ಮನ್ನು ಒಳಗೆ ಕೂರಿಸಿದ್ದಾರೆ. ಈಗ ಯಾರ ಮನೆಗಾದರೂ ಬೆಂಕಿ ಬಿದ್ದರೆ ದಯವಿಟ್ಟು ನನ್ನ ಭಾಷಣ ಮುಗಿಯುವವರೆಗೆ ತಡೆದುಕೊಳ್ಳಬೇಕು.

ನಿಮ್ಮಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು. ಈ ನಿಮ್ಮ ವರ್ನಾ ಟೀಚರ್ ಬೋರ್ಡಿನ ಮೇಲೆ ವರ್ಷವರ್ಷವೂ ಬರೆದ ಮೂರು ಹೆಸರು ಯಾರಿಗಾದರೂ ನೆನಪಿದೆಯೇ? ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಕಾನೂನು ಮಾಡುವವರು ಒಬ್ಬರು, ಜಾರಿ ಮಾಡುವವರು ಇನ್ನೊಬ್ಬರು, ತಪ್ಪು ಯಾರದು ಎಂದು ಹೇಳುವವರು ಮತ್ತೊಬ್ಬರು. ಯಾಕೆ ಬೇರೆ ಬೇರೆ? ನಮ್ಮ ಸಂವಿಧಾನ ಬರೆದವರು ಯಾರನ್ನೂ ನಂಬಲಿಲ್ಲ, ತಮ್ಮನ್ನೂ ನಂಬಲಿಲ್ಲ. ಅಧಿಕಾರ ಸಿಕ್ಕಿದರೆ ನಾವೇ ಹಾಳಾಗುತ್ತೇವೆ ಎಂದು ಮೊದಲೇ ಒಪ್ಪಿಕೊಂಡು ಬೀಗ ಹಾಕಿಟ್ಟರು. ಎಂಥ ದೊಡ್ಡವರು!

ಆದರೆ ಆ ದೊಡ್ಡವರು ವೆಂಡೆಲ್ ಅವರನ್ನು ಕಂಡಿರಲಿಲ್ಲ. ಹೆದ್ದಾರಿಯಿಂದ ಇಳಿದು ಊರು ಹೊಕ್ಕ ಕಾರು ಇರುವೆಯ ವೇಗಕ್ಕೆ ಬರಬೇಕು ಎಂದು ಕಾನೂನು ಮಾಡಿದ ಪುರಸಭೆಗೆ ಅಧ್ಯಕ್ಷರು ಯಾರು? ವೆಂಡೆಲ್. ಜೋಳದ ಗೋದಾಮಿನ ಹಿಂದೆ ಅಡಗಿ ಕಾರು ಹಿಡಿಯುವ ಪೊಲೀಸನನ್ನು ನೇಮಿಸಿದವರು ಯಾರು? ವೆಂಡೆಲ್. ಸಿಕ್ಕಿಬಿದ್ದವರಿಗೆ ಗುರುವಾರ ಸಂಜೆ ಇದೇ ವೇದಿಕೆಯ ಮೇಲೆ ಕೂತು ತೀರ್ಪು ಕೊಟ್ಟವರು ಯಾರು? ವೆಂಡೆಲ್. ದಂಡದ ದುಡ್ಡಿನಿಂದ ರಸ್ತೆಗೆ ಟಾರು ಹಾಕಿಸಿ ರಿಬ್ಬನ್ ಕತ್ತರಿಸಿದವರು? ಚಪ್ಪಾಳೆ ತಟ್ಟಿರಿ, ಸನ್ಮಾನ ಅವರಿಗೇ ಅಲ್ಲವೇ?

ನಮ್ಮ ಒಹಾಯೋದಂಥ ಒಂದೆರಡು ರಾಜ್ಯಗಳ ಸಣ್ಣ ಊರುಗಳಿಗೆ ಮಾತ್ರ ಸಿಕ್ಕಿರುವ ಭಾಗ್ಯ ಈ ಮೇಯರ್ ಕೋರ್ಟು. ಇಲ್ಲಿ ತೀರ್ಪು ಕೊಡಲು ಕಾನೂನು ಓದಿರಬೇಕಾಗಿಲ್ಲ. ತಲೆಗೂದಲು ಕತ್ತರಿಸುವವನು ತಿಂಗಳುಗಟ್ಟಲೆ ಕಲಿತು ಲೈಸೆನ್ಸ್ ಪಡೆಯಬೇಕು. ತಲೆಯ ಮೇಲೆ ದಂಡ ಹಾಕುವವನಿಗೆ ಒಂದು ದಿನದ ತರಬೇತಿ ಧಾರಾಳ.

ಹಾಗೆಂದು ವೆಂಡೆಲ್ ಸಂವಿಧಾನಕ್ಕೆ ಬೆಲೆ ಕೊಡಲಿಲ್ಲ ಎನ್ನಬೇಡಿ. ಅಧಿಕಾರಗಳನ್ನು ಅವರು ಬೇರ್ಪಡಿಸಿಯೇ ಇಟ್ಟಿದ್ದರು, ಒಂದು ಟೋಪಿಯ ಸಹಾಯದಿಂದ. ಬೀಜದ ಕಂಪನಿ ಕೊಟ್ಟ ಆ ಹಸಿರು ಟೋಪಿ ಹಾಕಿದರೆ ಅವರು ಮೇಯರ್, ತೆಗೆದರೆ ನ್ಯಾಯಾಧೀಶ. ನಮ್ಮ ಡಾರ್ಲೀನ್ ಮೊದಲ ಸಲ ಸಿಕ್ಕಿಬಿದ್ದಾಗ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ.

"ವೆಂಡೆಲ್ ಸರ್, ಕೊಂಬೆ ಅಡ್ಡ ಬಂದು ಸ್ಪೀಡ್ ಬೋರ್ಡೇ ಕಾಣ್ಲಿಲ್ಲ" ಅಂದಳು.

"ಕೊಂಬೆ ಕಡಿಸೋದು ಮೇಯರ್ ಕೆಲಸ ಕಣಮ್ಮ. ನಾನೀಗ ಜಡ್ಜು."

"ಹಾಗಾದ್ರೆ ಮೇಯರ್‌ನ ಕರೀರಿ!"

ವೆಂಡೆಲ್ ಟೋಪಿ ಹಾಕಿಕೊಂಡರು. "ಹೇಳಮ್ಮ, ಏನು ನಿನ್ನ ದೂರು?" ಎಲ್ಲವನ್ನೂ ಸಮಾಧಾನವಾಗಿ ಕೇಳಿದರು, ಅಯ್ಯೋ ಪಾಪ ಅಂದರು. ಮತ್ತೆ ಟೋಪಿ ತೆಗೆದು ದಂಡ ಹಾಕಿದರು. ಟೋಪಿ ತೆಗೆದೂ ಜನರಿಗೆ ಟೋಪಿ ಹಾಕಿದ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಈ ಡಾರ್ಲೀನ್ ಯಾರು? ಹೊಲದ ಮನೆಗಳಿಗೆ ಕಾರಿನಲ್ಲಿ ಹೋಗಿ ಹಾಸಿಗೆ ಹಿಡಿದವರಿಗೆ ಔಷಧಿ ಕೊಟ್ಟು ಗಾಯ ಕಟ್ಟುವ ನರ್ಸು. ಚುನಾವಣೆಯಲ್ಲಿ ಅವಳು ನನಗಾಗಿ ಮನೆಮನೆಯ ಬಾಗಿಲು ತಟ್ಟಿದಳು. "ಟೀಚರ್ ಗೆದ್ರೆ ಈ ಕೋರ್ಟ್ ಮುಚ್ಚಿಸ್ತಾರೆ, ನಮ್ಮ ಕೇಸು ಜಿಲ್ಲಾ ಪಟ್ಟಣದ ನಿಜವಾದ ಜಡ್ಜ್ ಹತ್ರ ಹೋಗತ್ತೆ" ಅಂದಳು. ನಾನೂ ಹಾಗೆಯೇ ಮಾತು ಕೊಟ್ಟಿದ್ದೆ. ಕಳೆದ ತಿಂಗಳು ಅವಳು ಮತ್ತೆ ಸಿಕ್ಕಿಬಿದ್ದಿದ್ದಾಳೆ. ಈ ಸಲ ತಪ್ಪು ಸಾಬೀತಾದರೆ ಕಾರು ಓಡಿಸುವ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸಿನ ಹಿಂದೆಯೇ ಕೆಲಸವೂ ಹೋಗುತ್ತದೆ. ವಿಚಾರಣೆ ಬರುವ ಗುರುವಾರ. ಕಳೆದ ಸೋಮವಾರ ಪುರಸಭೆಯಲ್ಲಿ ಕೋರ್ಟು ಮುಚ್ಚುವ ಠರಾವಿಗೆ ಮೂವರು ಹೌದು ಅಂದರು, ಮೂವರು ಬೇಡ ಅಂದರು. ಸಮ ಬಿದ್ದರೆ ಮೇಯರ್ ಮತವೇ ನಿರ್ಣಾಯಕ. ನನ್ನ ಮತವನ್ನು ಇಂದು ಇಲ್ಲೇ ಹೇಳುತ್ತೇನೆ ಎಂದಿದ್ದೆ. ನೀವು ಇಷ್ಟು ಜನ ಬಂದಿರುವುದು ವೆಂಡೆಲ್ ಮೇಲಿನ ಪ್ರೀತಿಗಲ್ಲ ಎಂದು ಅವರಿಗೂ ಗೊತ್ತು.

ಮತ ಹೇಳುವ ಮೊದಲು ಒಂದು ಸಣ್ಣ ಅನುಭವ. ಜನವರಿಯಲ್ಲಿ ಪ್ರಮಾಣವಚನ ಆದ ಮೇಲೆ, ಠರಾವು ಇತ್ಯರ್ಥವಾಗುವ ತನಕ ಕೋರ್ಟು ನಾನೇ ನಡೆಸಬೇಕಾಯಿತು. ನಾನು ಟೋಪಿಯವಳಲ್ಲ. ಕಪ್ಪು ಗೌನು ಹೊಲಿಸಿದೆ, ಸ್ವಂತ ಖರ್ಚಿನಲ್ಲಿ. ತಾತ್ಕಾಲಿಕ ಕೆಲಸಕ್ಕೆ ಗೌನು ಯಾಕೆ ಎಂದು ನನ್ನ ತಂಗಿ ಕೇಳಿದಳು, ಅವಳಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ. ಬಾಗಿಲು ತೆರೆದು ಒಳಗೆ ಬಂದೆ. ಎಲ್ಲರೂ ಎದ್ದು ನಿಂತರು! ಮೂವತ್ತೊಂದು ವರ್ಷ ಪಾಠ ಹೇಳಿದೆ, ನಾನು ಒಳಗೆ ಬಂದಾಗ ಒಬ್ಬನೂ ಎದ್ದಿರಲಿಲ್ಲ. ಆಗ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದವನು ಈಗ ಕೈಕಟ್ಟಿಕೊಂಡು, "ತಪ್ಪಾಯ್ತು, ಯುವರ್ ಆನರ್" ಅಂದ. ನನಗೆ ಕಣ್ಣು ತುಂಬಿ ಬಂತು. ಇದನ್ನು ಸುಮ್ಮನೆ ಹೇಳಿದೆ, ಮತಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಮೇಲೆ ತುಂಬಾ ಯೋಚಿಸಿದೆ. ದೋಷ ಕುರ್ಚಿಯದೇ, ಕೂತವರದೇ? ಪಟ್ಟಣದ ಆ ಜಡ್ಜಿಗೆ ನಮ್ಮ ಊರಿನ ಕಷ್ಟಸುಖ ಗೊತ್ತೇ? ದಂಡದ ದುಡ್ಡು ಅಲ್ಲಿಗೆ ಹೋದರೆ ನಮ್ಮ ರಸ್ತೆಯ ಗತಿ ಏನು? ಒಬ್ಬರ ಕೈಯಲ್ಲಿ ಮೂರೂ ಅಧಿಕಾರ ಇರಬಾರದು ಎಂದು ನಾನೇ ಕಲಿಸಿದೆ, ನಿಜ. ಅದು ಎಲ್ಲರಿಗೂ ಅನ್ವಯಿಸುವ ಮಾತು. ಸಂವಿಧಾನ ಬರೆದವರಿಗೆ, ಪಾಪ, ನನ್ನ ಪರಿಚಯ ಇರಲಿಲ್ಲ.

ಆದ್ದರಿಂದ, ಸಭಿಕರೇ, ಠರಾವಿಗೆ ನನ್ನ ಮತ: ಬೇಡ. ಕೋರ್ಟು ಇರುತ್ತದೆ. ಸದ್ಯಕ್ಕೆ.

ಡಾರ್ಲೀನ್, ಎಲ್ಲಿಗಮ್ಮ ಎದ್ದು ಹೊರಟೆ? ಕೂತುಕೋ, ಊಟ ಇದೆ. ಹೆದರಬೇಡ, ನಿನ್ನ ಕೇಸನ್ನು ನಾನೇ ನೋಡುತ್ತೇನೆ. ನನಗಾಗಿ ಓಡಾಡಿದವಳು ಎಂದು ಎಳ್ಳಷ್ಟೂ ರಿಯಾಯಿತಿ ತೋರಿಸುವುದಿಲ್ಲ, ಅಷ್ಟರ ಮಟ್ಟಿಗೆ ನೀನು ನನ್ನನ್ನು ನಂಬಬಹುದು. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋಗಮ್ಮ, ಚಳಿ ಒಳಗೆ ಬರುತ್ತದೆ.

ಅಡುಗೆ ಮಾಡಿದವರಿಗೆ, ಮೈಕು ಕೊಟ್ಟವರಿಗೆ, ಹೊರಗೆ ಹಿಮದಲ್ಲಿ ನಿಂತಿರುವ ವಾಹನಕ್ಕೂ ನನ್ನ ವಂದನೆಗಳು. ಮತ್ತು ವೆಂಡೆಲ್, ನಿಮಗೆ ವಿಶೇಷ ಧನ್ಯವಾದ. ನಾನು ಗೆದ್ದ ದಿನ ಕೈ ಕುಲುಕದೆ ಹೋದವರು ನೀವು, ಈಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೀರಿ. ಕೂತುಕೊಳ್ಳಿ, ಸಾಕು.

ಉಳಿದವರ ಕೈಗೆಲ್ಲ ಏನಾಗಿದೆ? ನಮಸ್ಕಾರ.